ಸುವಾರ್ತೆಯ ಮುಂದೆ ನಿಂತ ಕೇಳುಗ: ಕನ್ನಡ ನಾಡಿನ ಕ್ರೈಸ್ತ ಬೋಧನೆ ಮತ್ತು ಜನಪದರ ನಿರಾಕರಣೆ

ಕನ್ನಡ ನಾಡಿನ ಕ್ರೈಸ್ತ ಮಿಷನರಿಗಳನ್ನು ಕುರಿತು ಇದುವರೆಗೆ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿವೆ. ಮೊದಲನೆಯದು ಅವರ ಭಾಷಾಸೇವೆಯನ್ನು ಸ್ಮರಿಸುವ ದಾರಿ. ನಿಘಂಟು, ವ್ಯಾಕರಣ, ಮುದ್ರಣಾಲಯ, ಮೊದಲ ಪತ್ರಿಕೆ, ಪ್ರಾಚೀನ ಕಾವ್ಯಗಳ ಸಂಪಾದನೆ ಇವು ಅಲ್ಲಿನ ಮುಖ್ಯ ಸಂಗತಿಗಳು. ಎರಡನೆಯದು ಅವರ ಕಾರ್ಯವನ್ನು ವಸಾಹತುಶಾಹಿಯ ಅಂಗವಾಗಿ ಕಂಡು ವಿಮರ್ಶಿಸುವ ದಾರಿ. ಈ ಎರಡು ದಾರಿಗಳು ಪರಸ್ಪರ ವಿರುದ್ಧ ದಿಕ್ಕಿನವು ಎನಿಸಿದರೂ ಒಂದು ವಿಷಯದಲ್ಲಿ ಒಂದಾಗುತ್ತವೆ. ಎರಡರಲ್ಲಿಯೂ ಮಾತನಾಡುವವನು ಮಿಷನರಿಯೇ. ಜಾತ್ರೆಯ ಬಯಲಿನಲ್ಲಿ, ಸಂತೆಯ ಮೂಲೆಯಲ್ಲಿ, ಊರ ಮುಂದಿನ ಕಟ್ಟೆಯ ಬಳಿ ನಿಂತು ಅವನ ಮಾತನ್ನು ಕೇಳಿ, ಒಪ್ಪದೆ ತನ್ನ ದಾರಿ ಹಿಡಿದು ಹೋದ ಕೇಳುಗನಿಗೆ ಎರಡರಲ್ಲಿಯೂ ಸ್ಥಾನವಿಲ್ಲ. ಒಪ್ಪಿದವರ ಹೆಸರುಗಳು ದೀಕ್ಷಾಸ್ನಾನದ ದಫ್ತರಗಳಲ್ಲಿ ದಾಖಲಾಗಿವೆ. ಒಪ್ಪದವರ ಹೆಸರು ಯಾವ ದಫ್ತರದಲ್ಲಿಯೂ ಇಲ್ಲ. ಆದರೆ ಸಂಖ್ಯೆಯ ದೃಷ್ಟಿಯಿಂದ ಈ ಚರಿತ್ರೆಯ ಬಹುಭಾಗ ಅವರದೇ ಎಂಬುದನ್ನು ಮರೆಯಲಾಗದು.

ನಿರಾಕರಣೆಯೂ ಒಂದು ಬಗೆಯ ಮಾತು. ಅದಕ್ಕೆ ತನ್ನದೇ ಆದ ತರ್ಕವಿದೆ, ರೂಪವಿದೆ, ಪರಂಪರೆಯಿದೆ. ಜನಪದರು ಸುವಾರ್ತೆಯನ್ನು ಅರ್ಥಮಾಡಿಕೊಳ್ಳಲಾರದೆ ತಳ್ಳಿದರು ಎಂದು ಬೋಧಕರು ಬರೆದುಕೊಂಡ ಅನೇಕ ಕಡೆಗಳಲ್ಲಿ, ಅವರು ತಮ್ಮದೇ ರೀತಿಯಲ್ಲಿ ಅರ್ಥಮಾಡಿಕೊಂಡೇ ತಳ್ಳಿದರು ಎಂದು ತೋರಿಸಲು ಸಾಧ್ಯವಿದೆ. ಪ್ರಸ್ತುತ ಲೇಖನವು ಈ ನೆಲೆಯಿಂದ ಕೆಲವು ಸಂಗತಿಗಳನ್ನು ಪರಿಶೀಲಿಸುತ್ತದೆ. ಧರ್ಮಶಾಸ್ತ್ರದ ವಾದವಿವಾದಗಳ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ಇಲ್ಲಿಯ ಉದ್ದೇಶವಲ್ಲ. ಅದು ಜಾನಪದ ಅಧ್ಯಯನದ ಕೆಲಸವೂ ಅಲ್ಲ.

ಆಕರಗಳ ಬಗ್ಗೆ ಒಂದು ಮಾತು ಹೇಳಬೇಕು. ನಿರಾಕರಿಸಿದವರ ಮಾತು ನಮಗೆ ದೊರೆಯುವುದು ನಿರಾಕರಿಸಲ್ಪಟ್ಟವರ ಬರಹದಲ್ಲಿ. ಮಿಷನರಿಯು ತನ್ನ ವರದಿಯನ್ನು ಬರೆಯುತ್ತಿದ್ದುದು ಯುರೋಪಿನಲ್ಲಿದ್ದ ತನ್ನ ಸಂಘಕ್ಕೆ ಮತ್ತು ಆ ಸಂಘಕ್ಕೆ ಕಾಣಿಕೆ ಕೊಡುವ ಭಕ್ತರಿಗೆ. ಹೀಗಾಗಿ ವಿರೋಧವು ಅಲ್ಲಿ 'ಕತ್ತಲೆ'ಯಾಗಿಯೂ 'ಕಠಿಣ ಹೃದಯ'ವಾಗಿಯೂ ಕಾಣಿಸಿಕೊಳ್ಳುವುದು ಸಹಜ. ಹಾಗಿದ್ದರೂ ಈ ವರದಿಗಳು ನಿರುಪಯುಕ್ತವಲ್ಲ. ಎದುರಾಳಿಯ ಪ್ರಶ್ನೆಯನ್ನು ಖಂಡಿಸುವ ಸಲುವಾಗಿಯಾದರೂ ಅದನ್ನು ಮೊದಲು ಬರೆದಿಡಲೇಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಸಾಮಾನ್ಯ ಜನರು ದೇವರು, ಪಾಪ, ಮುಕ್ತಿಗಳ ಬಗ್ಗೆ ಬಾಯಿಮಾತಿನಲ್ಲಿ ಏನು ಹೇಳುತ್ತಿದ್ದರು ಎಂಬುದಕ್ಕೆ ಇಷ್ಟು ಸಮೀಪದ ಬೇರೆ ದಾಖಲೆಗಳು ನಮ್ಮಲ್ಲಿ ಕಡಿಮೆ.

ಅಬೆ ದುಬಾಯ್ ಮತ್ತು ಕೊಬ್ಬಿಸಿದ ಕರುವಿನ ಪ್ರಸಂಗ

ನಿರಾಕರಣೆಯನ್ನು ಮುಚ್ಚುಮರೆಯಿಲ್ಲದೆ ಬರೆದ ಮೊದಲಿಗರಲ್ಲಿ ಫ್ರೆಂಚ್ ಪಾದ್ರಿ ಅಬೆ ದುಬಾಯ್ ಪ್ರಮುಖರು. 1792ರಲ್ಲಿ ಭಾರತಕ್ಕೆ ಬಂದ ಅವರು 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ಯಾಥೊಲಿಕ್ ಸಮುದಾಯವನ್ನು ಒಂದುಗೂಡಿಸುವ ಕೆಲಸದಲ್ಲಿ ತೊಡಗಿದರು. ಇಲ್ಲಿಯ ಉಡುಪು ತೊಟ್ಟು, ಇಲ್ಲಿಯ ಆಹಾರಕ್ರಮಕ್ಕೆ ಒಗ್ಗಿಕೊಂಡು, ಜನರ ನಡುವೆ ಮೂರು ದಶಕಗಳ ಕಾಲ ಬಾಳಿದರು. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವರ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿ ಪ್ರಸಿದ್ಧವಾಯಿತು. ಅದರ ಬಹುಭಾಗ ಅವರಿಗಿಂತ ಹಿಂದಿನ ಜೆಸ್ವಿಟ್ ಪಾದ್ರಿ ಕೂರ್ದೂ ಅವರ ಬರಹವನ್ನು ಆಧರಿಸಿದ್ದೆಂದು ಈಚಿನ ಸಂಶೋಧನೆ ತೋರಿಸಿಕೊಟ್ಟಿದೆ. ಆದರೆ 1823ರಲ್ಲಿ ಲಂಡನ್ನಿನಿಂದ ಪ್ರಕಟವಾದ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತ ಪತ್ರಗಳು ಅವರ ಸ್ವಂತ ಅನುಭವದಿಂದ ಹುಟ್ಟಿದವು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಾನು ಮತ್ತು ತನ್ನ ದೇಶೀಯ ಸಹಾಯಕ ಸೇರಿ ಧರ್ಮಕ್ಕೆ ತಂದವರು ಇನ್ನೂರು ಮುನ್ನೂರರ ನಡುವೆ ಎಂದು ಅಲ್ಲಿ ಅವರು ಲೆಕ್ಕ ಒಪ್ಪಿಸುತ್ತಾರೆ. ಆಗಿನ ಪರಿಸ್ಥಿತಿಯಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಮನುಷ್ಯ ಪ್ರಯತ್ನಕ್ಕೆ ಮೀರಿದ್ದು ಎಂಬ ನಿರ್ಣಯಕ್ಕೂ ಬರುತ್ತಾರೆ. ಈ ಮಾತಿಗೆ ಪ್ರಾಟೆಸ್ಟೆಂಟ್ ವಲಯದಿಂದ ಮರುವರ್ಷವೇ ಖಂಡನಗ್ರಂಥಗಳು ಹೊರಬಂದವು.

ಈ ಪತ್ರಗಳಲ್ಲಿ ಬರುವ ಒಂದು ಚಿಕ್ಕ ಪ್ರಸಂಗವು ಜಾನಪದ ಅಧ್ಯಯನಕಾರರ ಗಮನಕ್ಕೆ ಅರ್ಹವಾಗಿದೆ. ದಾರಿ ತಪ್ಪಿದ ಮಗನ ದೃಷ್ಟಾಂತ ಕ್ರೈಸ್ತ ಬೋಧನೆಯ ಅತ್ಯಂತ ಹೃದ್ಯವಾದ ಕಥೆಗಳಲ್ಲಿ ಒಂದು. ಆಸ್ತಿಯನ್ನು ಹಾಳುಮಾಡಿ ಮರಳಿ ಬಂದ ಮಗನನ್ನು ತಂದೆ ತಬ್ಬಿಕೊಂಡು, ಕೊಬ್ಬಿಸಿದ ಕರುವನ್ನು ಕೊಯ್ಯಿಸಿ ಔತಣ ಮಾಡಿಸುತ್ತಾನೆ. ದುಬಾಯ್ ಇದನ್ನು ಹೇಳಿ ಮುಗಿಸಿದಾಗ ಆಕ್ಷೇಪಿಸಿದವರು ಹೊರಗಿನವರಲ್ಲ, ಅವರ ಸಭೆಯ ಕ್ರೈಸ್ತರೇ. ಕರುವಿನ ಮಾತನ್ನು ಎತ್ತಿದ್ದು ಸರಿಯಲ್ಲ, ಬೇರೆಯವರು ಕೇಳಿದರೆ ನಮ್ಮನ್ನು ಹೀನರೆಂದು ತಿಳಿದಾರು, ಇನ್ನು ಮುಂದೆ ಈ ಕಥೆ ಹೇಳುವಾಗ ಕರುವಿನ ಬದಲು ಕುರಿಮರಿ ಎನ್ನಿ ಎಂದು ಅವರು ಸಲಹೆ ಕೊಟ್ಟರಂತೆ. ದುಬಾಯ್ ಇದನ್ನು ಬೈಬಲ್ ಅನುವಾದಗಳನ್ನು ಯಥಾವತ್ತಾಗಿ ಹಂಚುವುದರ ವ್ಯರ್ಥತೆಗೆ ನಿದರ್ಶನವಾಗಿ ಕೊಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಹೆಚ್ಚಿನದು ಇಲ್ಲಿದೆ. ಪುಣ್ಯಕೋಟಿಯ ಕಥೆಯಲ್ಲಿ ಹಸುವನ್ನು ತಿನ್ನಲಾರದ ಹುಲಿಯೇ ಪ್ರಾಣ ಬಿಡುತ್ತದೆ. ಅಂಥ ಕಥೆಗಳನ್ನು ಹಾಡಿಕೊಂಡು ಬೆಳೆದ ನಾಡಿನಲ್ಲಿ ಕರುಣೆಯ ಪರಾಕಾಷ್ಠೆಯನ್ನು ಕರುವಿನ ವಧೆಯಿಂದ ತೋರಿಸಿದರೆ ಕಥೆಯ ಸಂದೇಶ ತಲೆಕೆಳಗಾಗುತ್ತದೆ. ಕೇಳುಗರು ತಂದೆಯ ಕ್ಷಮೆಯನ್ನು ತಿರಸ್ಕರಿಸಲಿಲ್ಲ. ಕಥೆಯೊಳಗಿನ ಒಂದು ಆಶಯವನ್ನು ಮಾತ್ರ ಬದಲಾಯಿಸಬೇಕೆಂದರು. ಜನಪದ ಕಥೆಗಳು ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ದಾಟುವಾಗ ಎಲ್ಲ ಕಾಲದಲ್ಲಿಯೂ ನಡೆಯುವ ಕ್ರಿಯೆಯಿದು. ಗ್ರಂಥಕ್ಕೆ ಬದ್ಧನಾದ ಬೋಧಕನಿಗೆ ಮಾತ್ರ ಆ ಸ್ವಾತಂತ್ರ್ಯವಿರಲಿಲ್ಲ.

ಹೂಂಗುಟ್ಟುವ ಕೇಳುಗ

ಪ್ರಾಟೆಸ್ಟೆಂಟ್ ಮಿಷನ್ನುಗಳ ಕೆಲಸ ಕನ್ನಡ ನಾಡಿನಲ್ಲಿ 1810ರಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದುದರೊಂದಿಗೆ ಆರಂಭವಾಯಿತು. ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ ತಿಂಗಳಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಅಲ್ಲಿಂದ ಮಂಗಳೂರಿಗೆ ಬಂದರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಅವರ ಕೇಂದ್ರಗಳು 1837ರಿಂದ 1841ರ ಅವಧಿಯಲ್ಲಿ ತೆರೆದವು. ದುಬಾಯ್ ಅವರಂತೆ ಈ ಬೋಧಕರು ಒಂದೆಡೆ ನೆಲೆನಿಂತ ಸಮುದಾಯದ ಗುರುಗಳಾಗಿ ಇರಲಿಲ್ಲ. ಬಯಲಿಗೆ ಬಂದು, ಅಪರಿಚಿತರ ಗುಂಪಿನ ಮುಂದೆ ನಿಂತು ಮಾತನಾಡುವುದು ಅವರ ಪದ್ಧತಿ.

ಬಯಲಿನಲ್ಲಿ ನಿಂತು ಧರ್ಮ ಹೇಳುವುದು ನಮ್ಮ ಜನರಿಗೆ ಹೊಸದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಹರಿದಾಸರು, ಜಂಗಮರು, ಗೊರವರು, ನೀಲಗಾರರು, ದೇವರಗುಡ್ಡರು, ಜೋಗತಿಯರು ಇವರೆಲ್ಲ ಜಾತ್ರೆಯ ಜನಜಂಗುಳಿಯಲ್ಲಿಯೇ ತಮ್ಮ ದೇವರ ಮಹಿಮೆಯನ್ನು ಹಾಡುತ್ತ ಬಂದವರು. ಜನರು ಒಂದು ಕಡೆ ನಿಂತು ಕೇಳಿ, ಕೈಲಾದುದನ್ನು ಕೊಟ್ಟು, ಇನ್ನೊಂದು ಕಡೆ ಹೋಗಿ ಮತ್ತೊಬ್ಬರನ್ನು ಕೇಳುತ್ತಾರೆ. ಮಂಟೇಸ್ವಾಮಿಯ ಕಥೆಯನ್ನು ಭಕ್ತಿಯಿಂದ ಕೇಳಿದವನು ಮಾದೇಶ್ವರನ ಕಥೆಯನ್ನು ಕೇಳಲು ಯಾವ ಅಡ್ಡಿಯೂ ಇಲ್ಲ. ಕೇಳುವುದೆಂದರೆ ಒಪ್ಪಿಕೊಂಡು ಉಳಿದುದನ್ನು ಬಿಡುವುದು ಎಂಬ ನಿಯಮ ಈ ಬಯಲಿಗೆ ಇರಲಿಲ್ಲ.

ನಮ್ಮ ಕಥನ ಪರಂಪರೆಯ ಇನ್ನೊಂದು ಲಕ್ಷಣವನ್ನು ಇದರೊಂದಿಗೆ ಸೇರಿಸಿ ನೋಡಬೇಕು. ಕಥೆ ಹೇಳುವಾಗ ಎದುರಿಗೆ ಕುಳಿತವರಲ್ಲಿ ಒಬ್ಬರು ಹೂಂಗುಟ್ಟಬೇಕು. ಹೂಂಗುಟ್ಟುವವರಿಲ್ಲದಿದ್ದರೆ ಕಥೆ ಮುಂದುವರಿಯದು. ಕ್ಷೇತ್ರಕಾರ್ಯಕ್ಕೆ ಹೋದ ಯಾವ ಸಂಶೋಧಕನಿಗೂ ಇದು ತಿಳಿದ ವಿಷಯ. ಧ್ವನಿಮುದ್ರಣದ ಯಂತ್ರವನ್ನು ಇಟ್ಟು ಸುಮ್ಮನೆ ಕುಳಿತರೆ ಕಥೆಗಾರ್ತಿ ನಡುವೆಯೇ ನಿಲ್ಲಿಸಿ, ಕೇಳ್ತಾ ಇದ್ದೀಯೇನಪ್ಪ ಎಂದು ವಿಚಾರಿಸುತ್ತಾಳೆ. ಈ 'ಹೂಂ' ಎಂಬುದು ನಂಬಿಕೆಯ ಒಪ್ಪಿಗೆಯಲ್ಲ; ಕೇಳುತ್ತಿದ್ದೇನೆ, ಮುಂದೆ ಹೇಳು ಎಂಬ ಸೂಚನೆ ಮಾತ್ರ. ಬಯಲುಬೋಧನೆಯ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ದೂರೊಂದಿದೆ: ಜನರು ಎಲ್ಲಕ್ಕೂ ಹೌದೆನ್ನುತ್ತಾರೆ, ನಿಮ್ಮ ಮಾತು ಸತ್ಯವೆನ್ನುತ್ತಾರೆ, ಮರುಕ್ಷಣ ಗುಡಿಯ ಕಡೆ ನಡೆಯುತ್ತಾರೆ. ಇದನ್ನು ಬೋಧಕರು ಕಪಟವೆಂದೋ ಚಂಚಲತೆಯೆಂದೋ ಬರೆದುಕೊಂಡರು. ಹೂಂಗುಟ್ಟುವ ಪದ್ಧತಿಯನ್ನು ಬಲ್ಲವರಿಗೆ ಅದು ಕೇಳುಗನ ಸೌಜನ್ಯವಾಗಿ ತೋರುತ್ತದೆ. ಎದುರಿಗೆ ನಿಂತ ಅತಿಥಿಯ ಮಾತನ್ನು ಮುರಿಯದೆ, ಅದಕ್ಕೆ ಕಟ್ಟುಬೀಳದೆ ನಿಲ್ಲುವ ಒಂದು ಶಿಷ್ಟಾಚಾರವದು. ದೇವನೊಬ್ಬ ನಾಮ ಹಲವು ಎಂಬ ಗಾದೆಯೂ ಇಂಥ ಸಂದರ್ಭದಲ್ಲಿ ಇದೇ ಕೆಲಸವನ್ನು ಮಾಡುತ್ತದೆ. ಅದು ವಾದವನ್ನು ಗೆಲ್ಲುವುದಿಲ್ಲ, ವಾದದ ಅಗತ್ಯವನ್ನೇ ಇಲ್ಲವಾಗಿಸುತ್ತದೆ. ಏಕೈಕ ಮಾರ್ಗವನ್ನು ಸಾರಲು ಬಂದವನಿಗೆ ಕಲ್ಲೆಸೆತಕ್ಕಿಂತ ಈ ಗಾದೆಯೇ ಹೆಚ್ಚು ದುಸ್ತರವಾಗಿದ್ದಿರಬೇಕು ಎಂದು ನನ್ನ ಊಹೆ.

ಹೃದಯದ ಚಿತ್ರ

ಮಾತು ಸಾಲದೆಂದು ಕಂಡಾಗ ಬೋಧಕರು ಚಿತ್ರದ ಮೊರೆಹೊಕ್ಕರು. ಜರ್ಮನಿಯ ಗೋಸ್ನರ್ ಎಂಬ ಬೋಧಕರು 1812ರಲ್ಲಿ ಪ್ರಕಟಿಸಿದ 'ಮನುಷ್ಯನ ಹೃದಯ' ಎಂಬ ಸಚಿತ್ರ ಪುಸ್ತಿಕೆಯು ಮಿಷನ್ನುಗಳ ಮೂಲಕ ಜಗತ್ತಿನ ಅನೇಕ ಭಾಷೆಗಳಿಗೆ ಹೋಯಿತು. ಕನ್ನಡದಲ್ಲಿ ಅದು 'ಹೃದಯದರ್ಪಣ'ವೆಂಬ ಹೆಸರಿನಿಂದ ಬಂತು. ಮಂಗಳೂರಿನಿಂದ ಕಣ್ಣೂರಿಗೆ ಹೋಗಿ ನೆಲೆಸಿದ ಹೆಬಿಕ್ ಅವರು ತಳಿಪ್ಪರಂಬ, ಪಯ್ಯಾವೂರುಗಳ ಉತ್ಸವಗಳಲ್ಲಿ ಇಂಥ ಹೃದಯದ ಚಿತ್ರಗಳನ್ನು ಎತ್ತಿಹಿಡಿದು ಬೋಧಿಸುತ್ತಿದ್ದುದು ಮಿಷನ್ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಚಿತ್ರದಲ್ಲಿ ಒಂದು ದೊಡ್ಡ ಹೃದಯ. ಅದರೊಳಗೆ ಏಳು ಪ್ರಾಣಿಗಳು, ನಡುವೆ ಸೈತಾನ. ನವಿಲು ಗರ್ವಕ್ಕೆ, ಆಡು ಕಾಮಕ್ಕೆ, ಹಂದಿ ಹೊಟ್ಟೆಬಾಕತನಕ್ಕೆ, ಆಮೆ ಸೋಮಾರಿತನಕ್ಕೆ, ಹಾವು ಹೊಟ್ಟೆಕಿಚ್ಚಿಗೆ, ಕಪ್ಪೆ ಲೋಭಕ್ಕೆ, ಸಿಂಹ ಅಥವಾ ಹುಲಿಯಂಥ ಮೃಗ ಕೋಪಕ್ಕೆ ಸಂಕೇತ. ಪಶ್ಚಾತ್ತಾಪ ಪಟ್ಟವನ ಹೃದಯದಿಂದ ಈ ಪ್ರಾಣಿಗಳು ಹೊರಗೆ ಓಡುತ್ತವೆ.

ಯುರೋಪಿನ ರೈತನಿಗೆ ವಿವರಣೆ ಬೇಡದ ಸಂಕೇತಗಳಿವು. ಕರಾವಳಿಯ ಜಾತ್ರೆಗೆ ಬಂದವನು ಇವನ್ನು ಹೇಗೆ ಕಂಡಿರಬಹುದು? ನವಿಲು ಸುಬ್ರಹ್ಮಣ್ಯನ ವಾಹನ. ಹಾವನ್ನು ತುಳುನಾಡಿನಲ್ಲಿ ಮನೆಮನೆಯ ಬನದಲ್ಲಿ ಕಲ್ಲಿಟ್ಟು ಪೂಜಿಸುತ್ತಾರೆ. ಅಲ್ಲಿ ಅದು ಹೊಟ್ಟೆಕಿಚ್ಚಿನ ಸಂಕೇತವಾಗಿರದೆ ಸಂತಾನ ಕೊಡುವ, ಚರ್ಮರೋಗ ಕಳೆಯುವ ದೈವವಾಗಿದೆ. ಹಂದಿಯ ರೂಪದ ಪಂಜುರ್ಲಿ ಬೆಳೆ ಕಾಯುವ ಭೂತ. ಹುಲಿಯ ರೂಪದಲ್ಲಿ ಪಿಲಿಚಾಮುಂಡಿ ಇದ್ದಾಳೆ. ಆಮೆ ವಿಷ್ಣುವಿನ ಎರಡನೆಯ ಅವತಾರ. ಎಷ್ಟೋ ದೇವಾಲಯಗಳ ನೆಲದಲ್ಲಿ ಕೆತ್ತಿದ ಆಮೆಯನ್ನು ಮುಟ್ಟಿ ನಮಸ್ಕರಿಸುತ್ತಾರೆ. ಕಪ್ಪೆಯಂತೂ ಮಳೆಯನ್ನು ಕರೆಯುವ ಜೀವಿ. ಬರ ಬಂದಾಗ ಕಪ್ಪೆಗಳ ಮದುವೆ ಮಾಡುವ ಆಚರಣೆ ನಾಡಿನ ಹಲವೆಡೆ ಇಂದಿಗೂ ಉಳಿದಿದೆ. ಬೋಧಕನು ಪಾಪದ ಗೂಡೆಂದು ತೋರಿಸಿದ ಚಿತ್ರದೊಳಗೆ ನೋಡುಗನಿಗೆ ಕಂಡಿರಬಹುದಾದುದು ತನ್ನ ನಾಡಿನ ದೈವಗಳ ಒಂದು ಸಮೂಹ. ಅವು ಹೃದಯದೊಳಗೆ ನೆಲೆಸಿರುವುದು ಅವನಿಗೆ ದೋಷವಾಗಿ ತೋರಬೇಕಾದ ಕಾರಣವೇ ಇಲ್ಲ. ಅವುಗಳನ್ನು ಹೊರಗೆ ಓಡಿಸುವ ಎರಡನೆಯ ಚಿತ್ರವು ಶುದ್ಧೀಕರಣಕ್ಕಿಂತ ಉಚ್ಚಾಟನೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಈ ಚಿತ್ರಗಳನ್ನು ನೋಡಿದ ಸಾಮಾನ್ಯ ಕೇಳುಗರು ತಮ್ಮ ಮಾತಿನಲ್ಲಿ ಏನನ್ನೂ ಬರೆದಿಟ್ಟಿಲ್ಲವಾದ್ದರಿಂದ ಇದು ನಮ್ಮ ವ್ಯಾಖ್ಯಾನವೇ. ಆದರೆ ಸಂಕೇತಗಳು ತಮ್ಮ ಅರ್ಥವನ್ನು ಪಡೆಯುವುದು ಸಂಸ್ಕೃತಿಯ ಸಂದರ್ಭದಲ್ಲಿ ಎಂಬುದು ಜಾನಪದ ಶಾಸ್ತ್ರದ ಪ್ರಾಥಮಿಕ ಪಾಠ. ಆ ಪಾಠಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ದೊರೆತಿಲ್ಲ.

ಶಬ್ದಗಳ ವಿಷಯದಲ್ಲಿಯೂ ಇದೇ ತೊಡಕು. ಪಾಪ ಎಂಬ ಕನ್ನಡ ಶಬ್ದವನ್ನು ಬಳಸದೆ ಸುವಾರ್ತೆಯನ್ನು ಹೇಳಲಾಗದು. ಆ ಶಬ್ದವಾದರೋ ಕರ್ಮದ ಲೆಕ್ಕಾಚಾರದೊಡನೆ ಬೆಸೆದುಕೊಂಡೇ ಬರುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂಬ ನ್ಯಾಯವನ್ನು ನಂಬಿದವನಿಗೆ ಒಬ್ಬನ ಪಾಪವನ್ನು ಮತ್ತೊಬ್ಬನು ಹೊತ್ತು ಸತ್ತನೆಂಬ ಮಾತು ಸಂತೋಷದ ವಾರ್ತೆಗಿಂತ ಅನ್ಯಾಯದ ವಾರ್ತೆಯಾಗಿ ಕೇಳಿಸುವ ಸಂಭವವಿದೆ. ಅವತಾರವೆಂದರೆ ಹತ್ತರ ಜೊತೆ ಹನ್ನೊಂದನೆಯದು ಸೇರುತ್ತದೆ; ಗುರುವೆಂದರೆ ಹಲವರಲ್ಲಿ ಒಬ್ಬನಾಗುತ್ತಾನೆ. ಕಿಟೆಲ್ ಅವರು 1862ರಲ್ಲಿ ಏಸುವಿನ ಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ರಚಿಸಿದಾಗ ಈ ತೊಡಕಿನ ಒಳಹೊಕ್ಕು ದಾರಿ ಹುಡುಕುವ ಯತ್ನ ಮಾಡಿದರು. ಕನ್ನಡಿಗರು ಕಥೆಯನ್ನು ಕೇಳುವುದು ಹಾಡಿನಲ್ಲಿ ಎಂಬುದನ್ನು ಅವರು ಗುರುತಿಸಿದ್ದರು. ಛಂದಸ್ಸು ಬದಲಾಯಿತು, ಆದರೆ ಉಳಿದ ದೇವರುಗಳನ್ನು ಬಿಡಬೇಕೆಂಬ ಷರತ್ತು ಹಾಗೆಯೇ ಉಳಿಯಿತು.

ಒಪ್ಪಿಗೆಯ ಬೆಲೆ

ಈ ಷರತ್ತಿನ ಭಾರವೆಷ್ಟೆಂಬುದು 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ಕಂಡುಬಂತು. ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಮತ್ತು ಇಬ್ಬರು ಸಂಗಡಿಗರು ಹರ್ಮನ್ ಮೋಗ್ಲಿಂಗ್ ಅವರ ಪ್ರಭಾವದಿಂದ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗಲಭೆಯೇ ಎದ್ದಿತು. ಕೌಂಡಿನ್ಯರು ಮುಂದೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಬೋಧಕರಾಗಿ ಮರಳಿದರು. ಅವರ ಪತ್ನಿ ಮಾತ್ರ ಅವರೊಡನೆ ಹೋಗಲಿಲ್ಲ. 1860ರಲ್ಲಿ ಅವರು ಜರ್ಮನ್ ಮಹಿಳೆಯನ್ನು ವಿವಾಹವಾದರು. ಕೌಂಡಿನ್ಯರ ಬದುಕನ್ನು ಕುರಿತು ಬರಹಗಳಿವೆ. ತಾನು ಹುಟ್ಟಿದ ಮತದಲ್ಲಿಯೇ ಉಳಿದ ಆ ಮೊದಲ ಪತ್ನಿಯ ನಿರ್ಧಾರವನ್ನು ಅವಳ ದೃಷ್ಟಿಯಿಂದ ಯಾರೂ ಬರೆಯಲಿಲ್ಲ. ಒಂದೇ ಮನೆಯೊಳಗೆ ಒಪ್ಪಿಗೆ ಮತ್ತು ನಿರಾಕರಣೆಗಳೆರಡೂ ಇದ್ದವು, ಎರಡಕ್ಕೂ ಬೆಲೆ ತೆತ್ತವರಿದ್ದರು. ಮತ ಬದಲಿಸಿದ ಕಾರಣಕ್ಕೆ ಆಸ್ತಿಯ ಹಕ್ಕು ತಪ್ಪಬಾರದೆಂಬ ಕಾಯಿದೆ ಬಂದುದು 1850ರಲ್ಲಿ. ಕಾಯಿದೆಯಿಂದ ಆಸ್ತಿ ಸಿಕ್ಕೀತು, ಪಂಕ್ತಿ ಸಿಗದು. ಕುಲಕಸುಬಿನಿಂದಲೂ ಊರಿನಿಂದಲೂ ಹೊರಬಿದ್ದವರಿಗಾಗಿ ಮಿಷನ್ ನೇಯ್ಗೆಯ ಕಾರ್ಖಾನೆಯನ್ನೂ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಬೇಕಾಗಿ ಬಂದುದರ ಹಿಂದೆ ಈ ವಾಸ್ತವವಿದೆ. ಬಯಲಿನಲ್ಲಿ ನಿಂತು ಕೇಳಿದವನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಅವನ 'ಇಲ್ಲ'ದಲ್ಲಿ ತತ್ತ್ವವಿಚಾರದಷ್ಟೇ ಮಗಳ ಮದುವೆಯ ಚಿಂತೆಯೂ ಇತ್ತೆಂದರೆ ಅದು ಅವನನ್ನು ಕೀಳುಗಳೆದಂತಾಗದು.

ಕಾಲಜ್ಞಾನದ ಪ್ರಸಂಗ

ಒಪ್ಪಿಗೆ ಮತ್ತು ನಿರಾಕರಣೆಗಳ ನಡುವಣ ಗೆರೆ ಎಷ್ಟು ತೆಳುವಾದುದು ಎಂಬುದಕ್ಕೆ ಧಾರವಾಡ-ಹುಬ್ಬಳ್ಳಿ ಸೀಮೆಯ ಕಾಲಜ್ಞಾನಿಗಳ ಪ್ರಸಂಗ ನಿದರ್ಶನವಾಗಿದೆ. ಕಾಲಜ್ಞಾನವು ಉತ್ತರ ಕರ್ನಾಟಕದ ಜೀವಂತ ಪರಂಪರೆ. ಬರಲಿರುವ ಕೇಡುಗಾಲ, ಅರಸರ ಪತನ, ಧರ್ಮವನ್ನು ಮರಳಿ ನಿಲ್ಲಿಸಲು ಬರುವವನು ಇವು ಅದರ ಮುಖ್ಯ ವಸ್ತುಗಳು. ಒಗಟಿನಂಥ ಭಾಷೆಯ ಈ ನುಡಿಗಳನ್ನು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ದಾಟಿಸುತ್ತ ಬಂದ ಪಂಥಗಳಿವೆ. 1840ರ ಸುಮಾರಿಗೆ ಇಂಥ ಪಂಥಗಳ ಅನುಯಾಯಿಗಳು ತಾವಾಗಿಯೇ ಬಾಸೆಲ್ ಮಿಷನರಿಗಳ ಬಳಿಗೆ ಬಂದರು. ತಮ್ಮ ನುಡಿಗಳಲ್ಲಿ ಹೇಳಿರುವ ಗುರುಗಳು ನೀವೇ ಇರಬೇಕು ಎಂಬುದು ಅವರ ಭಾವನೆಯಾಗಿತ್ತು. ವರ್ಷಗಟ್ಟಲೆ ಬಯಲಿನಲ್ಲಿ ಕೂಗಿ ದಣಿದಿದ್ದ ಬೋಧಕರಿಗೆ ಇದು ಪವಾಡದಂತೆ ಕಂಡಿತು. ಗದಗಿನ ಹತ್ತಿರದ ಮಲಸಮುದ್ರದಲ್ಲಿ ಹೊಸದಾಗಿ ಬರುವವರಿಗಾಗಿ ಬೇಸಾಯದ ನೆಲೆಯೊಂದನ್ನೂ ಏರ್ಪಡಿಸಲಾಯಿತು.

ನಿರೀಕ್ಷಿಸಿದ ಜನ ಬರಲಿಲ್ಲ. ಮಲಸಮುದ್ರದ ಯೋಜನೆ ವಿಫಲವಾಯಿತು. ಮಿಷನ್ ಚರಿತ್ರೆಯಲ್ಲಿ ಇದು ಲೌಕಿಕ ಆಸೆಯಿಂದ ಬಂದವರು ಆಸೆ ಈಡೇರದೆ ಹಿಂದಿರುಗಿದ ಕಥೆಯಾಗಿ ಬರುತ್ತದೆ. ಲೌಕಿಕ ನಿರೀಕ್ಷೆಗಳಿರಲಿಲ್ಲ ಎಂದು ನಾವೂ ಹೇಳಲಾರೆವು. ಕಂದಾಯದ ಹೊರೆಯಲ್ಲಿದ್ದ ರೈತರಿಗೆ ಬಿಳಿಯ ಗುರುಗಳ ಆಶ್ರಯ ಸಣ್ಣ ವಿಷಯವಲ್ಲ. ಆದರೆ ಪ್ರಸಂಗದ ತಿರುಳು ಬೇರೆಡೆ ಇದೆಯೆಂದು ತೋರುತ್ತದೆ. ಕಾಲಜ್ಞಾನಿಗಳು ಬಂದುದು ತಮ್ಮ ಪರಂಪರೆಯನ್ನು ಬಿಡುವುದಕ್ಕಲ್ಲ, ಅದು ನಿಜವಾಯಿತೆಂದು ಕಾಣುವುದಕ್ಕೆ. ಅವರ ಕಥೆಯಲ್ಲಿ ಮಿಷನರಿಗೆ ಒಂದು ಪಾತ್ರವಿತ್ತು, ಗೌರವದ ಪಾತ್ರವೇ ಇತ್ತು. ಮಿಷನರಿಯ ಕಥೆಯಲ್ಲಿ ಕಾಲಜ್ಞಾನಕ್ಕೆ ಮಾತ್ರ ಸ್ಥಾನವಿರಲಿಲ್ಲ. ಜಾತಿಯನ್ನೂ ಹಳೆಯ ಗುರುವನ್ನೂ ಹಳೆಯ ನುಡಿಯನ್ನೂ ತೊರೆದು ಬಾ ಎಂದಾಗ ಅವರು ಹಿಂದೆ ಸರಿದರು. ಇಲ್ಲಿ ಯಾರು ಯಾರನ್ನು ನಿರಾಕರಿಸಿದರು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಮಿಷನರಿಗಳ ಪಕ್ಷದಿಂದ ಒಂದು ಮಾತು ಹೇಳಬೇಕಾದರೆ, ಜಾತಿಯನ್ನು ಉಳಿಸಿಕೊಂಡೇ ಬನ್ನಿ ಎಂದಿದ್ದರೆ ಸಾವಿರಾರು ಜನ ಬರುತ್ತಿದ್ದರೇನೋ. ಹಾಗೆನ್ನದೆ ಇದ್ದುದು ಅವರ ಪ್ರಾಮಾಣಿಕತೆ. ಸಂಖ್ಯೆಯ ಆಸೆಗೆ ಅವರು ಬಗ್ಗಲಿಲ್ಲ.

ತುಳುನಾಡಿನ ಬಿಲ್ಲವರ ವಿಷಯದಲ್ಲಿಯೂ ಇಂಥದೇ ಒಂದು ಘಟ್ಟ ಬಂದಿತ್ತು. ಭೂತಾರಾಧನೆಯ ಪರಂಪರೆಯಿಂದ ಬಂದ ಬಿಲ್ಲವರು ಕರಾವಳಿಯ ಬಾಸೆಲ್ ಸಭೆಗಳಲ್ಲಿ ಗಣನೀಯ ಸಂಖ್ಯೆಯಲ್ಲಿ ಸೇರಿದ್ದರು. 1870ರ ಸುಮಾರಿಗೆ ಅರಸಪ್ಪ ಎಂಬ ಬಿಲ್ಲವ ಮುಂದಾಳು ತನ್ನ ಸಮುದಾಯಕ್ಕೆ ಗೌರವದ ನೆಲೆಯೊಂದನ್ನು ಅರಸುತ್ತ ಮಿಷನ್ ಕಡೆಗೂ ಬ್ರಾಹ್ಮಸಮಾಜದ ಕಡೆಗೂ ನೋಡಿದ್ದುಂಟು. ಸಮುದಾಯ ಒಟ್ಟಾಗಿ ಎರಡರ ಕಡೆಗೂ ಹೋಗಲಿಲ್ಲ. 1912ರಲ್ಲಿ ನಾರಾಯಣ ಗುರುಗಳು ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥ ದೇವಾಲಯವನ್ನು ಪ್ರತಿಷ್ಠಾಪಿಸಿದಾಗ ಅವರಿಗೆ ತಮ್ಮದೇ ಆದ ಗುಡಿ ದೊರೆಯಿತು. ಈ ಕಾಲಾನುಕ್ರಮವನ್ನು ಗಮನಿಸಿದರೆ ಸುವಾರ್ತೆಯ ಸ್ವೀಕಾರ ಮತ್ತು ನಿರಾಕರಣೆಗಳೆರಡೂ ಮಾನದ ಹುಡುಕಾಟವೆಂಬ ಇನ್ನೂ ದೊಡ್ಡ ಕಥೆಯ ಭಾಗಗಳಾಗಿ ಕಾಣುತ್ತವೆ.

ಬೋಧಕರು ಕೇಳುಗರಾದುದು

ನಿರಾಕರಣೆಗೆ ಬೋಧಕರೆಲ್ಲರೂ ಒಂದೇ ರೀತಿ ಸ್ಪಂದಿಸಲಿಲ್ಲ. ಕೆಲವರು ಧ್ವನಿ ಎತ್ತರಿಸಿದರು. ಖಂಡನೆಯ ಪುಸ್ತಿಕೆಗಳು ಕಲ್ಲಚ್ಚಿನಿಂದ ಹೊರಬಂದವು. ಇನ್ನು ಕೆಲವರು ಕೇಳತೊಡಗಿದರು. ಜನ ಏಕೆ ಒಪ್ಪುವುದಿಲ್ಲ ಎಂಬುದನ್ನು ತಿಳಿಯಲು ಅವರು ಏನನ್ನು ನಂಬುತ್ತಾರೆಂಬುದನ್ನು ತಿಳಿಯಬೇಕಾಯಿತು. ಅದಕ್ಕಾಗಿ ಅವರ ಗಾದೆ, ಹಾಡು, ಪುರಾಣಗಳನ್ನು ಕಲೆಹಾಕಬೇಕಾಯಿತು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದ ಮೋಗ್ಲಿಂಗ್ ಅವರೇ ಗಾದೆಗಳನ್ನು ಸಂಗ್ರಹಿಸಿದರು. 1848ರಿಂದ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದವರೂ ಅವರೇ. ಆ ಕೆಲಸಕ್ಕೆ ಹಣ ಒದಗಿಸಿದವರು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಮಿಷನ್ ಮುದ್ರಣಾಲಯದಲ್ಲಿ ಮಿಷನ್ ಒಪ್ಪದ ದೇವರುಗಳ ಕಥೆಗಳು ಅಚ್ಚಾದವು. 1886ರಲ್ಲಿ ಮೆನ್ನರ್ ಅವರು ತುಳು ಪಾಡ್ದನಗಳನ್ನು ಪ್ರಕಟಿಸಿದಾಗ ಯಾವ ಭೂತಗಳನ್ನು ಬಿಡಿರೆಂದು ಮಿಷನ್ ಐದು ದಶಕಗಳಿಂದ ಬೋಧಿಸುತ್ತಿತ್ತೋ ಅವೇ ಭೂತಗಳ ಹುಟ್ಟು, ಪ್ರಸರಣ, ಕಾರಣಿಕಗಳು ಮೊದಲ ಬಾರಿಗೆ ಪುಸ್ತಕರೂಪದಲ್ಲಿ ಉಳಿದವು. ಇಂದು ಪಾಡ್ದನಗಳ ಮೇಲೆ ಸಂಶೋಧನೆ ಮಾಡುವ ಯಾರೂ ಆ ಸಂಗ್ರಹವನ್ನು ಬಿಟ್ಟು ಮುಂದೆ ಹೋಗಲಾರರು.

ಕಿಟೆಲ್ ಅವರ 1894ರ ನಿಘಂಟಿನ ಪುಟಗಳನ್ನು ತಿರುವಿದವರಿಗೆ ಅದರಲ್ಲಿ ಗಾದೆಗಳು ಎಷ್ಟು ದಟ್ಟವಾಗಿವೆ ಎಂಬುದು ತಿಳಿದಿದೆ. ಶಬ್ದಕ್ಕೆ ಅರ್ಥ ಹೇಳಿ, ಕವಿಪ್ರಯೋಗ ಕೊಟ್ಟು, ಅದರ ಜೊತೆಗೆ ಗಾದೆಯನ್ನು ಕೊಡುತ್ತಾರೆ. ಕಾವ್ಯಪ್ರಯೋಗಗಳು ಗ್ರಂಥಗಳಿಂದ ಬಂದವು; ಗಾದೆಗಳು ಬಂದುದು ಜನರ ಬಾಯಿಂದ. ಅವನ್ನು ಹೇಳಿಕೊಟ್ಟವರಲ್ಲಿ, ಹಸ್ತಪ್ರತಿಗಳನ್ನು ಓದಿ ಬಿಡಿಸಿದ ಪಂಡಿತರಲ್ಲಿ, ತಮ್ಮ ಮತವನ್ನು ಬಿಡದೆ ಉಳಿದವರೂ ಇದ್ದರು. ಬೋಧಕನ ಸುವಾರ್ತೆಯನ್ನು ಸ್ವೀಕರಿಸದೆ ಅವನಿಗೆ ತಮ್ಮ ವಿದ್ಯೆಯನ್ನು ಕೊಟ್ಟ ಈ ಸಹಾಯಕರ ಪಾಲನ್ನು ನಿಘಂಟಿನ ಚರಿತ್ರೆ ಇನ್ನೂ ಸರಿಯಾಗಿ ಅಳೆದಿಲ್ಲ. ಕಿಟೆಲ್ 1853ರಲ್ಲಿ ನಾಡಿಗೆ ಬಂದುದು ಧರ್ಮಬೋಧಕರಾಗಿ. ನಾಡು ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ. ಈ ವ್ಯತ್ಯಾಸದಲ್ಲಿ ಜನಪದರ ಆಯ್ಕೆಯಿದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಸರಣಿಗೆ ಸೇರುವವರು ರೆವರೆಂಡ್ ಚನ್ನಪ್ಪ ಉತ್ತಂಗಿ (1881–1962). ಇವರು ಹೊರಗಿನಿಂದ ಬಂದ ಬೋಧಕರಲ್ಲ, ಧಾರವಾಡದ ನೆಲದವರು. ಬಾಸೆಲ್ ಮಿಷನ್ ಸಭೆಯ ಪಾದ್ರಿಗಳಾಗಿ ದುಡಿದವರು. 1921ರಲ್ಲಿ ಹೊರಬಂದ ಅವರ ಕೃತಿಯ ಹೆಸರು 'ಬನಾರಸಕ್ಕೆ ಬೆತ್ಲೆಹೇಮದ ವಿನಂತಿ'. ಹಿಂದಿನ ಶತಮಾನದ ಬೋಧಕ ಸಾಹಿತ್ಯದಲ್ಲಿ ವಿಚಾರಣೆ, ಖಂಡನೆ, ಎಚ್ಚರಿಕೆಯ ಮಾತುಗಳನ್ನು ಕಂಡವರಿಗೆ ಈ 'ವಿನಂತಿ' ಎಂಬ ಶಬ್ದದ ತೂಕ ತಿಳಿಯುತ್ತದೆ. ವಿನಂತಿಯನ್ನು ಕೇಳುವವನು ಒಲ್ಲೆನೆನ್ನಬಹುದು. ಅದು ಆ ಮಾತಿನ ಸ್ವರೂಪದಲ್ಲಿಯೇ ಇದೆ. ಇದೇ ಉತ್ತಂಗಿಯವರು ಊರೂರು ಅಲೆದು, ಓಲೆಗರಿಗಳನ್ನು ಹುಡುಕಿ, ಬಾಯಿಮಾತಿನಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡು, 1924ರಲ್ಲಿ ಸರ್ವಜ್ಞನ ವಚನಗಳನ್ನು ಶಾಸ್ತ್ರೀಯವಾಗಿ ಸಂಪಾದಿಸಿ ಪ್ರಕಟಿಸಿದರು. ಅವರಿಗೆ ಈ ತ್ರಿಪದಿಗಳನ್ನು ಹೇಳಿದ ರೈತರು, ಐನೋರು, ಶಾಲೆಯ ಮಾಸ್ತರರು ಅವರ ಸಭೆಯವರಾಗಿರಬೇಕಾದ ಅಗತ್ಯವಿರಲಿಲ್ಲ. ಪಾದ್ರಿ ಕೇಳಿದರು, ಅವರು ಹೇಳಿದರು. 1949ರಲ್ಲಿ ಕಲ್ಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಉತ್ತಂಗಿಯವರು ಅಧ್ಯಕ್ಷರಾದರು.